ವಾಕಿಂಗ್ ಹೋದ ಮಾವನವರನ್ನು ಪೊಲೀಸ್ ನಿಲ್ಲಿಸಿ ಜೇಬು ತಡಕಿದರು. ಅಮೆರಿಕದಲ್ಲಿ ಇದಕ್ಕೆ ಮಿತಿ ಇಲ್ವಾ?

ಬೆಣ್ಣೆದೋಸೆ_ಡಲ್ಲಾಸ್
ಎಲ್ಲರಿಗೂ ನಮಸ್ಕಾರ. ನಾವಿರುವುದು ಡಲ್ಲಾಸ್ ಪಕ್ಕದ ಒಂದು ಊರಿನಲ್ಲಿ. ಅತ್ತೆ, ಮಾವ ದಾವಣಗೆರೆಯಿಂದ ಬಂದಿದ್ದಾರೆ. ಮಾವನವರಿಗೆ ನಸುಕಿನಲ್ಲೇ ಎದ್ದು ವಾಕಿಂಗ್ ಹೋಗುವ ಅಭ್ಯಾಸ. ಕಳೆದ ವಾರ ಮಂಕಿ ಕ್ಯಾಪ್ ಹಾಕಿಕೊಂಡು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಹೊರಟಿದ್ದಾರೆ. ಎರಡು ಬೀದಿ ದಾಟುವಷ್ಟರಲ್ಲಿ ಪೊಲೀಸ್ ಕಾರು ಬಂತು. ಯಾರೋ ಹೆಸರು ಹೇಳದೆ ಫೋನ್ ಮಾಡಿದ್ದರಂತೆ, ಒಬ್ಬ ಮನೆ ಮನೆ ಮುಂದೆ ನಿಂತು ನೋಡುತ್ತಿದ್ದಾನೆ ಅಂತ.

ಮಾವನವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಇಲ್ಲಿಯವರ ಮಾತಿನ ವೇಗ ಹಿಡಿಯಲು ಆಗುವುದಿಲ್ಲ. ಐಡಿ ಕೇಳಿದರು, ಪಾಸ್‌ಪೋರ್ಟ್ ಮನೆಯಲ್ಲಿತ್ತು. ಆಮೇಲೆ ತಿರುಗಿ ನಿಲ್ಲಿಸಿ ಮೈಯೆಲ್ಲ ತಡಕಿದರು. ಜುಬ್ಬಾದ ಜೇಬಿನಲ್ಲಿ ಏನೋ ದುಂಡಗೆ ಕೈಗೆ ಸಿಕ್ಕಿದೆ. ಹಿಸುಕಿ ನೋಡಿ ಹೊರಗೆ ತೆಗೆದರು. ಎಲೆ ಅಡಿಕೆ ಚಂಚಿ! ಅದರೊಳಗೆ ಸುಣ್ಣದ ಡಬ್ಬಿ. ಅದನ್ನೂ ತೆಗೆದು ಮೂಸಿ ನೋಡಿದರಂತೆ. ಅಷ್ಟರಲ್ಲಿ ಎದುರು ಮನೆಯ ತೆಲುಗಿನವರು ಹೊರಗೆ ಬಂದು ವಿವರಿಸಿದ ಮೇಲೆ ಬಿಟ್ಟರು. ದಂಡದ ಟಿಕೆಟ್ ಇಲ್ಲ, ಏನೂ ಇಲ್ಲ. ಕ್ಷಮಿಸಿ ಅಂತ ಒಂದು ಮಾತೂ ಹೇಳಲಿಲ್ಲ.

ನಮ್ಮ ಯಜಮಾನರು ಬಿಟ್ಟುಬಿಡು ಅನ್ನುತ್ತಾರೆ. ನನಗೆ ಬಿಡಲು ಆಗುತ್ತಿಲ್ಲ. ಹೀಗೆ ಸುಮ್ನೆ ನಿಲ್ಲಿಸಬಹುದಾ? ಜೇಬಿಗೆ ಕೈ ಹಾಕಬಹುದಾ? ಐಡಿ ತೋರಿಸಲೇಬೇಕಾ? ಗೊತ್ತಿದ್ದವರು ಹೇಳಿ.

ಗಾಂಧಿಬಜಾರ್
ಸುಣ್ಣ ಮೂಸಿದನಾ! ಕೆನ್ನೆಗೆ ಒಂದು ಎಲೆ ಕೊಟ್ಟು ಕಳಿಸಬೇಕಿತ್ತು.

ಹಳೇ_ಹೆಚ್_ಒನ್
ತಂಗಿ, ನಿಮ್ಮ ಯಜಮಾನರು ಹೇಳಿದ್ದೇ ಸರಿ. ನಾವು ಇಲ್ಲಿ ಅತಿಥಿಗಳು. ಹಕ್ಕುಗಿಕ್ಕು ಎಲ್ಲ ಸಿಟಿಜನ್‌ಗಳಿಗೆ. ಬ್ಯಾಡ್ಜ್ ಹಾಕಿಕೊಂಡವನ ಹತ್ತಿರ ವಾದ ಮಾಡಿ ಏನು ಸಿಗುತ್ತೆ? ಸರ್ ಸರ್ ಅಂದು ಬರೋದು ಒಳ್ಳೆಯದು.

ಕರಿಕೋಟು
ನಾನು ವಕೀಲಿ ಮಾಡುವುದು ನ್ಯೂಜೆರ್ಸಿಯಲ್ಲಿ, ಟೆಕ್ಸಾಸಿನಲ್ಲಲ್ಲ. ಆದರೆ ಈ ಪ್ರಶ್ನೆಯ ಬೇರು ಇಲ್ಲಿಯ ಸಂವಿಧಾನದ ನಾಲ್ಕನೇ ತಿದ್ದುಪಡಿಯಲ್ಲಿದೆ, ಸಕಾರಣವಿಲ್ಲದೆ ಜನರನ್ನು ಹಿಡಿಯಬಾರದು, ಶೋಧಿಸಬಾರದು ಅನ್ನುವುದು. ಅದು ಎಲ್ಲ ರಾಜ್ಯಕ್ಕೂ ಒಂದೇ. ಹಳೇ_ಹೆಚ್_ಒನ್ ಅವರೇ, ಅದರಲ್ಲಿ ಇರುವುದು 'ಜನ' ಅಂತ, 'ಪ್ರಜೆಗಳು' ಅಂತ ಅಲ್ಲ. ವಿಸಿಟರ್ ವೀಸಾದಲ್ಲಿ ಬಂದ ಮಾವನವರನ್ನೂ ರಸ್ತೆಯಲ್ಲಿ ಕಾರಣವಿಲ್ಲದೆ ಹಿಡಿದು ನಿಲ್ಲಿಸುವ ಹಾಗಿಲ್ಲ.

ಇದರ ಮೂಲ ಕೇಸು ಕ್ಲೀವ್‌ಲ್ಯಾಂಡಿನದು. 1963ರ ಅಕ್ಟೋಬರ್ 31ರಂದು ಮೆಕ್‌ಫ್ಯಾಡನ್ ಎಂಬ ಹಳೇ ಪತ್ತೇದಾರ ಮಫ್ತಿಯಲ್ಲಿ ಪೇಟೆಯಲ್ಲಿ ನಿಂತಿದ್ದ. ಇಬ್ಬರು ಒಬ್ಬರಾದ ಮೇಲೆ ಒಬ್ಬರು ಒಂದೇ ಅಂಗಡಿಯ ಕಿಟಕಿಯಲ್ಲಿ ಇಣುಕಿ ವಾಪಸ್ ಬರುತ್ತಿದ್ದರು. ಒಂದು ಡಜನ್ ಸಲ ಹೀಗೇ ಆಯಿತು. ಮೂರನೆಯವನೊಬ್ಬ ಬಂದು ಮಾತಾಡಿ ಹೋದ. ದರೋಡೆಗೆ ಹೊಂಚು ಹಾಕುತ್ತಿದ್ದಾರೆ ಅನ್ನಿಸಿ ಹತ್ತಿರ ಹೋಗಿ ಹೆಸರು ಕೇಳಿದ. ಅವರು ಏನೋ ಗೊಣಗಿದರು. ಟೆರ್ರಿ ಎಂಬವನನ್ನು ತಿರುಗಿಸಿ ಕೋಟಿನ ಮೇಲಿಂದ ಸವರಿದ, ಪಿಸ್ತೂಲು ಸಿಕ್ಕಿತು. 1968ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಪೊಲೀಸರ ಪರ ತೀರ್ಪು ಕೊಟ್ಟಿತು. ಅರೆಸ್ಟ್ ಮಾಡುವಷ್ಟು ಆಧಾರ ಇಲ್ಲದಿದ್ದರೂ ಸ್ವಲ್ಪ ಹೊತ್ತು ನಿಲ್ಲಿಸಬಹುದು. ಆದರೆ ಅನುಮಾನ ಯಾಕೆ ಬಂತು ಅಂತ ಕಣ್ಣಿಗೆ ಕಂಡ ಸಂಗತಿಗಳನ್ನು ಹೆಸರಿಸಿ ಹೇಳಲು ಬರಬೇಕು. ಏನೋ ಅನ್ನಿಸಿತು ಅಂದರೆ ಸಾಲದು.

ಜನ ಮರೆಯುವುದು ಮುಂದಿನ ಮಾತನ್ನು. ನಿಲ್ಲಿಸುವುದು ಬೇರೆ, ತಡಕುವುದು ಬೇರೆ. ನಿಲ್ಲಿಸಲು ಕಾರಣ ಇದ್ದ ಮಾತ್ರಕ್ಕೆ ತಡಕಲು ಕಾರಣ ಸಿಕ್ಕ ಹಾಗೆ ಆಗಲಿಲ್ಲ. ಇವನ ಹತ್ತಿರ ಆಯುಧ ಇರಬಹುದು, ಅಪಾಯ ಆಗಬಹುದು ಅನ್ನಲು ಬೇರೆಯೇ ಆಧಾರ ಬೇಕು. ಅದೂ ಬಟ್ಟೆಯ ಮೇಲಿಂದ, ಆಯುಧಕ್ಕಾಗಿ ಮಾತ್ರ.

ಬೆಣ್ಣೆದೋಸೆ_ಡಲ್ಲಾಸ್
ಹಾಗಾದರೆ ಚಂಚಿ ತೆಗೆದದ್ದು ತಪ್ಪು ಅಲ್ವಾ?

ಕರಿಕೋಟು
ನೀವು ಹೇಳಿದ ಹಾಗೇ ನಡೆದಿದ್ದರೆ ಅಲ್ಲೇ ಅವರ ಕೇಸು ಸಡಿಲ. ಮಿನ್ನೆಸೋಟಾದ ಡಿಕರ್ಸನ್ ಕೇಸು ನೋಡಿ, 1993ರದು. ಪೊಲೀಸ್ ಜಾಕೆಟ್ ಮೇಲಿಂದ ಸವರಿದಾಗ ಸಣ್ಣ ಉಂಡೆ ಸಿಕ್ಕಿತು. ಆಯುಧ ಅಲ್ಲ ಅಂತ ಗೊತ್ತಾಯಿತು. ಆದರೂ ಬೆರಳಲ್ಲಿ ಹಿಸುಕಿ, ಜಾರಿಸಿ, ಆಡಿಸಿ, ಕೊಕೇನ್ ಅಂತ ತೀರ್ಮಾನ ಮಾಡಿ ತೆಗೆದ. ಕೊಕೇನ್ ನಿಜವಾಗಿಯೂ ಇತ್ತು! ಆದರೂ ಹಿಸುಕಿದ್ದು ಮಿತಿ ಮೀರಿದ್ದು ಅಂತ ಕೋರ್ಟ್ ಹೇಳಿತು. ಮುಟ್ಟಿದ ತಕ್ಷಣ ಏನೆಂದು ಖಚಿತವಾಗಿದ್ದರೆ ಮಾತು ಬೇರೆ ಇತ್ತು. ಸುಣ್ಣದ ಡಬ್ಬಿಯನ್ನು ಪಿಸ್ತೂಲು ಅಂದುಕೊಳ್ಳಲು ತುಂಬಾ ಕಲ್ಪನೆ ಬೇಕು.

ಕಡಲತಡಿ
ಎಲ್ಲ ಸರಿ ಮಾರಾಯ್ರೆ, ವಾಕಿಂಗಿಗೆ ಪ್ಲಾಸ್ಟಿಕ್ ಕವರ್ ಯಾಕೆ?

ಬೆಣ್ಣೆದೋಸೆ_ಡಲ್ಲಾಸ್
ಅದು... ಪೂಜೆಗೆ ಹೂವು.

ಕಡಲತಡಿ
ಯಾರ ಮನೆ ಹೂವು?

ಬೆಣ್ಣೆದೋಸೆ_ಡಲ್ಲಾಸ್
ಫುಟ್‌ಪಾತಿಗೆ ಬಾಗಿದ್ದನ್ನು ಮಾತ್ರ ಕಿತ್ತೆ ಅಂತಾರೆ. ಕವರಿನಲ್ಲಿ ಗುಲಾಬಿಯೂ ಇತ್ತು, ದಾಸವಾಳವೂ ಇತ್ತು. ಅತ್ತೆ ಹೇಳುವ ಪ್ರಕಾರ ದಾಸವಾಳ ಇರುವುದು ಮೂಲೆ ಮನೆಯವರ ಬಾಗಿಲ ಪಕ್ಕದ ಕುಂಡದಲ್ಲಿ.

ಗಾಂಧಿಬಜಾರ್
ಹಹ್ಹಾ! ಬಸವನಗುಡಿಯಲ್ಲಿ ನಮ್ಮ ಕಾಂಪೌಂಡ್ ಹೂವೆಲ್ಲ ಹೀಗೇ ಮಾಯ ಆಗೋದು. ಅಲ್ಲಿ ಅಮ್ಮ ಬೈತಾರೆ, ಇಲ್ಲಿ ತುರ್ತು ನಂಬರ್ 911.

ಮಲೆನಾಡ_ಮಳೆ
ನಗಬೇಡಿ, ಇದರಿಂದ ಲೆಕ್ಕವೇ ಬದಲಾಗುತ್ತದೆ. ಬೇರೆಯವರ ಅಂಗಳಕ್ಕೆ ಹೋಗಿ ಕುಂಡದಿಂದ ಹೂ ಕಿತ್ತರೆ ಅದು ಕಳ್ಳತನವೇ. ಟೆಕ್ಸಾಸಿನಲ್ಲಿ 100 ಡಾಲರ್ ಒಳಗಿನದು ಕ್ಲಾಸ್ ಸಿ, ಅಂದರೆ ತೀರಾ ಸಣ್ಣ ದರ್ಜೆಯ ಅಪರಾಧ, 500 ಡಾಲರ್ ತನಕ ದಂಡ ಅಷ್ಟೇ, ಜೈಲಿಲ್ಲ. ಆದರೆ ಪೊಲೀಸ್ ಅದನ್ನು ಕಣ್ಣಾರೆ ನೋಡಿದ್ದರೆ ಅನುಮಾನವೇ ಬೇಕಿಲ್ಲ, ನೇರವಾಗಿ ಅರೆಸ್ಟ್ ಮಾಡಬಹುದಿತ್ತು. 2001ರ ಆಟ್‌ವಾಟರ್ ಕೇಸು ನಿಮ್ಮ ಟೆಕ್ಸಾಸಿನದೇ. ಲಾಗೋ ವಿಸ್ಟಾದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ತಾಯಿಯನ್ನು ಸೀಟ್ ಬೆಲ್ಟ್ ಹಾಕಿಲ್ಲ ಅಂತ ಬೇಡಿ ಹಾಕಿ ಕರೆದುಕೊಂಡು ಹೋದರು. ಆ ತಪ್ಪಿಗೆ ದಂಡವೇ ಹೆಚ್ಚೆಂದರೆ 50 ಡಾಲರ್. ಸುಪ್ರೀಂ ಕೋರ್ಟ್ 5-4ರಲ್ಲಿ ಸರಿ ಅಂದಿತು.

ಕರಿಕೋಟು
ಮಲೆನಾಡ_ಮಳೆ ಹೇಳಿದ್ದು ನಿಜ, ಆದರೆ ಒಂದು ಅಂಶ ಬಿಟ್ಟಿದ್ದಾರೆ. ನಿಲ್ಲಿಸಿದ ಆ ಕ್ಷಣದಲ್ಲಿ ಪೊಲೀಸರಿಗೆ ಏನು ಗೊತ್ತಿತ್ತು ಅನ್ನುವುದೇ ಮುಖ್ಯ. ಆಮೇಲೆ ಕವರಿನಲ್ಲಿ ದಾಸವಾಳ ಕಂಡದ್ದು ಲೆಕ್ಕಕ್ಕಿಲ್ಲ. ಫೋನ್ ಮಾಡಿದವರು ಹೂ ಕೀಳುತ್ತಿದ್ದಾರೆ ಅಂದರಾ, ಅಥವಾ ಬರೀ ನೋಡುತ್ತಿದ್ದಾರೆ ಅಂದರಾ? ಎರಡಕ್ಕೂ ಅಜಗಜಾಂತರ. ಮನೆ ನೋಡುವುದು ಅಪರಾಧವಲ್ಲ.

ಅನಾಮಿಕ ಕರೆಯ ಬಗ್ಗೆ ಎರಡು ತೀರ್ಪುಗಳಿವೆ, ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ. 2000ದಲ್ಲಿ ಮಯಾಮಿಯ ಹುಡುಗನ ಕೇಸು. ಬಸ್ ಸ್ಟಾಪಿನಲ್ಲಿ ಚೌಕುಳಿ ಅಂಗಿ ಹಾಕಿದವನ ಹತ್ತಿರ ಗನ್ ಇದೆ ಅಂತ ಯಾರೋ ಫೋನ್ ಮಾಡಿದರು, ಗನ್ ಸಿಕ್ಕಿತು ಕೂಡ. ಆದರೂ ಆ ಕರೆಯೊಂದನ್ನೇ ನಂಬಿ ತಡಕಿದ್ದು ತಪ್ಪು ಅಂತ ಒಂಬತ್ತೂ ಜನ ನ್ಯಾಯಾಧೀಶರು ಹೇಳಿದರು. 2014ರಲ್ಲಿ ಕ್ಯಾಲಿಫೋರ್ನಿಯಾದ ನವಾರೆಟ್ಟೆ ಕೇಸು. ಪಿಕಪ್ ಟ್ರಕ್ ಒಂದು ನನ್ನ ಗಾಡಿಯನ್ನು ರಸ್ತೆಯಿಂದ ಹೊರಗೆ ತಳ್ಳಿತು ಅಂತ 911ಕ್ಕೆ ಕರೆ ಬಂತು. ಆ ಟ್ರಕ್ ನಿಲ್ಲಿಸಿದ್ದು ಸರಿ ಅಂತ 5-4 ತೀರ್ಪು. ಕರೆ ಮಾಡಿದವರು ತಾವೇ ಕಂಡದ್ದನ್ನು, ಆಗಷ್ಟೇ ನಡೆದದ್ದನ್ನು ಹೇಳಿದ್ದರು ಅನ್ನುವುದು ಕಾರಣ.

ಇನ್ನು ಕಳ್ಳತನ ಅಂತಲೇ ಇಟ್ಟುಕೊಳ್ಳೋಣ. ಗುಲಾಬಿ ಕಿತ್ತವರ ಹತ್ತಿರ ಆಯುಧ ಇದೆ ಅನ್ನಲು ಏನು ಆಧಾರ?

ಹಳೇ_ಹೆಚ್_ಒನ್
ಟೆಕ್ಸಾಸ್ ಸ್ವಾಮಿ. ಅಲ್ಲಿ ಅಜ್ಜಿಯ ಪರ್ಸಿನಲ್ಲೂ ಗನ್ ಇರುತ್ತೆ. ಪೊಲೀಸಿನವನಿಗೂ ಹೆಂಡತಿ ಮಕ್ಕಳು ಇದ್ದಾರೆ. ಮುಖ ಪೂರ್ತಿ ಮುಚ್ಚಿದ ಟೋಪಿ, ಕತ್ತಲು, ಮಾತಿಗೆ ಉತ್ತರ ಇಲ್ಲ. ನಾನು ಅವನ ಜಾಗದಲ್ಲಿದ್ದರೂ ತಡಕುತ್ತಿದ್ದೆ.

ಗೋಧಿಹುಗ್ಗಿ
ಹಾಗಂದ್ರ ಎಲ್ಲಾರನ್ನೂ ತಡಕಬೇಕಾಗತೈತ್ರಿ. ನ್ಯೂಯಾರ್ಕ್ ಪೊಲೀಸರು ಅದನ್ನೇ ಮಾಡಿ ನೋಡಿದರು. 2011 ಒಂದೇ ವರ್ಷದಲ್ಲಿ 6,85,000ಕ್ಕೂ ಜಾಸ್ತಿ ಸಲ ಜನರನ್ನು ನಿಲ್ಲಿಸಿದರು, ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಜನ. 2013ರಲ್ಲಿ ಜಡ್ಜ್ ಶೈಂಡ್ಲಿನ್ ಲೆಕ್ಕ ತೆಗೆದರೆ, ತಡಕಿದವರಲ್ಲಿ ಆಯುಧ ಸಿಕ್ಕಿದ್ದು ಶೇಕಡಾ 1.5 ಜನರ ಹತ್ತಿರ. ಆ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಬಂತು.

ಇನ್ನೊಂದು ಮಾತು. 'ಸರ್ ಸರ್ ಅಂದು ಬನ್ನಿ' ಅಂತ ಹೇಳಿದಿರಲ್ಲ, ಸರ್ ಅನ್ನಲೂ ಬಾರದವರು ಏನು ಮಾಡಬೇಕು? 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಆದದ್ದು ನೆನಪಿದೆಯಾ? ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ ಅಜ್ಜ, 57 ವಯಸ್ಸು. ಬೆಳಗ್ಗೆ ಮಗನ ಮನೆ ಮುಂದಿನ ಬೀದಿಯಲ್ಲಿ ನಡೆಯುತ್ತಿದ್ದರು. ಅನುಮಾನಾಸ್ಪದ ಅಂತ ಯಾರೋ ಫೋನ್ ಮಾಡಿದರು. ಅವರು 'ನೋ ಇಂಗ್ಲಿಷ್, ಇಂಡಿಯಾ' ಅಂದು ಮನೆ ಕಡೆ ಕೈ ತೋರಿಸಿದರು. ಪೊಲೀಸ್ ಕೈ ಹಿಂದಕ್ಕೆ ಹಿಡಿದು, ಕಾಲು ಕೊಟ್ಟು ಮುಖ ಕೆಳಗಾಗಿ ಬೀಳಿಸಿದ. ಕಾರಿನ ಕ್ಯಾಮೆರಾದಲ್ಲಿ ಎಲ್ಲ ಇದೆ. ಬೆನ್ನುಮೂಳೆಗೆ ಪೆಟ್ಟಾಗಿ ಆಪರೇಷನ್ ಆಯಿತು, ಮೈಗೆ ಭಾಗಶಃ ಲಕ್ವ ಹೊಡೆಯಿತು.

ಸೈಲೆಂಟ್_ರೀಡರ್
ಆ ಪೊಲೀಸಿಗೆ ಶಿಕ್ಷೆ ಆಯ್ತಾ?

ಗೋಧಿಹುಗ್ಗಿ
ಇಲ್ಲರಿ. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2016ರ ಜನವರಿಯಲ್ಲಿ ಜಡ್ಜ್ ಖುಲಾಸೆ ಮಾಡಿದರು. ಸಿವಿಲ್ ಕೇಸಿನಲ್ಲಿ ಮಾತ್ರ ನ್ಯಾಯ ಸಿಕ್ಕಿತು. ಪೊಲೀಸ್ ಅಧಿಕಾರಿ ಅನ್ನುವ ರಕ್ಷಣೆ ಇಲ್ಲಿ ನಡೆಯಲ್ಲ ಅಂತ 2020ರಲ್ಲಿ ಅಪೀಲು ಕೋರ್ಟ್ ಹೇಳಿತು. ಮರುವರ್ಷ 17.5 ಲಕ್ಷ ಡಾಲರಿಗೆ ರಾಜಿಯಾಯಿತು.

ಬೆಣ್ಣೆದೋಸೆ_ಡಲ್ಲಾಸ್
ಇದು ಓದಿ ಕೈಕಾಲು ತಣ್ಣಗಾಯಿತು. ಈಗ ಮಾವ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಇಡೀ ದಿನ ಸೋಫಾ ಮೇಲೆ ಕೂತು ವಾಟ್ಸಾಪ್ ನೋಡುತ್ತಾರೆ, ಊರಿಗೆ ಟಿಕೆಟ್ ಮಾಡಿಸು ಅಂತ ಮಗನ ಹತ್ತಿರ ಹೇಳುತ್ತಿದ್ದಾರೆ.

ಬೇ_ಏರಿಯಾ_ಭಟ್ರು
ಮಾವನವರನ್ನು ಹೊರಗೆ ಕಳಿಸಿ, ದಯವಿಟ್ಟು. ನಮ್ಮ ಅಪ್ಪನ ಜೇಬಿನಲ್ಲಿ ನಾವು ಒಂದು ಕಾರ್ಡ್ ಇಡುತ್ತೇವೆ. ಹೆಸರು, ಮನೆ ವಿಳಾಸ, ನನ್ನ ನಂಬರ್, 'ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಮಗನಿಗೆ ಫೋನ್ ಮಾಡಿ' ಅಂತ ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಇದೆ. ಕಾರ್ಡ್ ತೆಗೆಯಲು ಜೇಬಿಗೆ ಕೈ ಹಾಕಬಾರದು, ಅದು ಮುಖ್ಯ. ಅದಕ್ಕೇ ಆಫೀಸ್ ಐಡಿ ಥರ ಕುತ್ತಿಗೆಗೆ ಹಾಕಿಬಿಟ್ಟೆವು.

ನನ್ನದೂ ಒಂದು ಕಥೆ ಇದೆ, ಕಾರಿನದು. ಅರಿಜೋನಾದ ಹೆದ್ದಾರಿಯಲ್ಲಿ ಸ್ಪೀಡ್ ಅಂತ ನಿಲ್ಲಿಸಿದರು. ವಾರ್ನಿಂಗ್ ಬರೆದು ಲೈಸೆನ್ಸ್ ವಾಪಸ್ ಕೊಟ್ಟರು. ಮುಗಿಯಿತು ಅಂದುಕೊಂಡೆ. ಆಗ ನಗುನಗುತ್ತಾ ಕೇಳಿದರು, ಕಾರ್ ಒಳಗೆ ಸ್ವಲ್ಪ ನೋಡಬಹುದಾ ಅಂತ. ನಾನು ನೋಡಿ ಅಂದೆ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಡಬ್ಬ ಎಲ್ಲ ರಸ್ತೆ ಬದಿಯಲ್ಲಿ ಹರಡಿದರು. ಹೆಂಡತಿ ಇವತ್ತಿಗೂ ಅದನ್ನು ಎತ್ತಾಡುತ್ತಾಳೆ.

ಕರಿಕೋಟು
ಭಟ್ರೆ, ಅಲ್ಲಿ 'ಬೇಡ' ಅನ್ನುವ ಹಕ್ಕು ನಿಮಗಿತ್ತು. ಆ ಹಕ್ಕು ಇದೆ ಅಂತ ನಿಮಗೆ ಹೇಳುವ ಕೆಲಸ ಪೊಲೀಸರದ್ದಲ್ಲ. ಒಪ್ಪಿಗೆ ಕೇಳುವಾಗ ನಿರಾಕರಿಸಬಹುದು ಅಂತ ತಿಳಿಸಬೇಕಿಲ್ಲ ಎಂದು 1973ರಲ್ಲೇ ತೀರ್ಪಾಗಿದೆ. ನೀವಿನ್ನು ಹೊರಡಬಹುದು ಅಂತ ಮೊದಲು ಹೇಳಬೇಕಾಗಿಲ್ಲ ಅಂತ 1996ರ ರಾಬಿನೆಟ್ ಕೇಸು. ನೀವೇ ಬಾಗಿಲು ತೆರೆದು ಕೊಟ್ಟ ಮೇಲೆ ಅನುಮಾನದ ಮಾತೇ ಬರುವುದಿಲ್ಲ.

ಸೈಲೆಂಟ್_ರೀಡರ್
ಬೇಡ ಅಂದರೆ ಅದೇ ಅನುಮಾನಕ್ಕೆ ಕಾರಣ ಆಗಲ್ವಾ ಸರ್?

ಕರಿಕೋಟು
ಆಗುವುದಿಲ್ಲ. ಬರೀ ನಿರಾಕರಣೆ ಅನುಮಾನಕ್ಕೆ ಆಧಾರವಲ್ಲ. ಆದರೆ ಓಡಿದರೆ ಆಗುತ್ತದೆ. 2000ದ ವಾರ್ಡ್‌ಲೋ ಕೇಸಿನಲ್ಲಿ ಶಿಕಾಗೋದ ಡ್ರಗ್ಸ್ ಹಾವಳಿ ಇರುವ ಜಾಗದಲ್ಲಿ ಪೊಲೀಸರನ್ನು ಕಂಡ ಕೂಡಲೇ ಓಡಿದ್ದನ್ನು ಅನುಮಾನಕ್ಕೆ ಸಾಕು ಅಂದರು. ಹಿರಿಯರಿಗೆ ಇದನ್ನು ಹೇಳಿಕೊಡಿ. ಓಡಬೇಡಿ, ಬೇಗ ಬೇಗ ತಿರುಗಬೇಡಿ, ಕೈ ಕಾಣುವ ಹಾಗೆ ಇಟ್ಟುಕೊಳ್ಳಿ.

ಕಡಲತಡಿ
ನನ್ನ ತಮ್ಮನಿಗೆ ಡ್ರಗ್ಸ್ ಮೂಸುವ ಪೊಲೀಸ್ ನಾಯಿ ಬರುವ ತನಕ ಕಾಯಬೇಕು ಅಂತ ರಸ್ತೆ ಬದಿ ನಿಲ್ಲಿಸಿದ್ದರು. ನಾಯಿ ಬಂತು, ಮೂಸಿತು, ಏನೂ ಇಲ್ಲ. ಕೊನೆಗೆ ನೋಡಿದರೆ ಹಿಂದಿನ ಸೀಟಿನಲ್ಲಿದ್ದ ಒಣ ಮೀನಿಗೆ ಬಾಲ ಅಲ್ಲಾಡಿಸಿತಂತೆ.

ಮಲೆನಾಡ_ಮಳೆ
ಅದು 2015ರ ನಂತರ ಆಗಿದ್ದರೆ ತಪ್ಪು. ರೋಡ್ರಿಗಸ್ ಕೇಸು. ನೆಬ್ರಾಸ್ಕಾದಲ್ಲಿ ಮಧ್ಯರಾತ್ರಿ ಕಾರು ರಸ್ತೆ ಅಂಚಿಗೆ ಹೋಯಿತು ಅಂತ ನಿಲ್ಲಿಸಿ, ವಾರ್ನಿಂಗ್ ಬರೆದುಕೊಟ್ಟ ಮೇಲೆ ನಾಯಿಗೋಸ್ಕರ ಏಳೆಂಟು ನಿಮಿಷ ಹಿಡಿದಿಟ್ಟರು. ನಿಲ್ಲಿಸಿದ ಕೆಲಸ ಮುಗಿದ ಮೇಲೆ, ಬೇರೆ ಅನುಮಾನ ಇಲ್ಲದೆ ಒಂದು ನಿಮಿಷವೂ ಎಳೆಯುವ ಹಾಗಿಲ್ಲ ಅಂತ 6-3 ತೀರ್ಪು. ಟಿಕೆಟ್ ಬರೆಯುತ್ತಿರುವಾಗಲೇ ನಾಯಿ ಬಂದು ಸುತ್ತು ಹಾಕಿದರೆ ಮಾತ್ರ ಏನೂ ಮಾಡಲಾಗದು.

ಕಡಲತಡಿ
ಕಾರಿಂದ ಇಳಿಯಿರಿ ಅಂದರೆ?

ಮಲೆನಾಡ_ಮಳೆ
ಇಳಿಯಲೇಬೇಕು. 1977ರ ಮಿಮ್ಸ್ ಕೇಸು. 1997ರಿಂದ ಪಕ್ಕದಲ್ಲಿ ಕೂತವರಿಗೂ ಅದೇ ನಿಯಮ.

ಬೆಣ್ಣೆದೋಸೆ_ಡಲ್ಲಾಸ್
ಕಾರು ಸಾಕು, ಮಾವನವರ ಐಡಿ ವಿಷಯಕ್ಕೆ ಬನ್ನಿ. ನಾಳೆಯಿಂದ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡಬೇಕಾ? ಅದು ಕಳೆದುಹೋದರೆ ಹ್ಯೂಸ್ಟನ್ ಕಾನ್ಸುಲೇಟ್ ಸುತ್ತಬೇಕು, ಅದು ಇನ್ನೊಂದು ತಲೆನೋವು.

ಕರಿಕೋಟು
ಇಲ್ಲಿ ಎರಡು ಕಾನೂನು ಕಲಸಿಹೋಗುತ್ತವೆ, ಬಿಡಿಸಿ ನೋಡಿ. ಊರಿನ ಪೊಲೀಸರಿಗೆ ಹೆಸರು ಹೇಳಬೇಕಾ ಅನ್ನುವುದು ರಾಜ್ಯದ ಕಾನೂನು. ಅನುಮಾನದ ಮೇಲೆ ನಿಲ್ಲಿಸಿದಾಗ ಹೆಸರು ಹೇಳಲೇಬೇಕು ಅಂತ ರಾಜ್ಯ ಕಾನೂನು ಮಾಡಬಹುದು ಎಂದು 2004ರಲ್ಲಿ ನೆವಾಡಾದ ಹೈಬಲ್ ಕೇಸಿನಲ್ಲಿ ತೀರ್ಮಾನವಾಯಿತು. ಟೆಕ್ಸಾಸಿನಲ್ಲಿ ನಡೆದು ಹೋಗುವವರನ್ನು ತಡೆದಾಗ ಹೆಸರು ಹೇಳಲಿಲ್ಲ ಅಂತ ಕೇಸು ಹಾಕಲಾಗದು. ಸುಳ್ಳು ಹೆಸರು ಹೇಳಿದರೆ ಮಾತ್ರ ಅಪರಾಧ. ಅರೆಸ್ಟ್ ಆದ ಮೇಲೆ ಹೇಳಲೇಬೇಕು.

ಇಮಿಗ್ರೇಷನ್ ಕಾನೂನು ಬೇರೆ. 18 ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆಯನ್ನು ಯಾವಾಗಲೂ ಜೊತೆಗೆ ಇಟ್ಟುಕೊಂಡಿರಬೇಕು ಅಂತ ಹಳೇ ಫೆಡರಲ್ ಕಾನೂನೇ ಇದೆ. ಬಹಳ ವರ್ಷ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ, ಈಗ ಅದರ ಧೂಳು ಕೊಡವಿದ್ದಾರೆ. ಗ್ರೀನ್ ಕಾರ್ಡ್ ಇದ್ದವರಿಗೆ ಆ ಕಾರ್ಡು, ವಿಸಿಟರ್‌ಗಳಿಗೆ ಐ-94, ಅಂದರೆ ದೇಶದೊಳಗೆ ಬಂದಿದ್ದರ ದಾಖಲೆ. ಅದನ್ನು ಪ್ರಿಂಟ್ ತೆಗೆದು ಮಾವನವರ ಜೊತೆ ಇರಿಸಿ, ಪಾಸ್‌ಪೋರ್ಟಿನ ಜೆರಾಕ್ಸ್ ಕೂಡ ಇರಲಿ.

ಹಳೇ_ಹೆಚ್_ಒನ್
ಅಂದರೆ ಬಣ್ಣ ನೋಡಿ ನಿಲ್ಲಿಸಬಹುದು ಅಂತಾಯ್ತಲ್ಲ. ಇದನ್ನೇ ನಾನು ಹೇಳಿದ್ದು, ಅತಿಥಿಗಳು ಅಂತ.

ಕರಿಕೋಟು
ಹಾಗಲ್ಲ. 1975ರಲ್ಲಿ ಮೆಕ್ಸಿಕೋ ಗಡಿ ಹತ್ತಿರದ ಕೇಸಿನಲ್ಲೇ, ಬರೀ ಮುಖಚಹರೆ ನೋಡಿ ಕಾರು ನಿಲ್ಲಿಸುವಂತಿಲ್ಲ ಅಂತ ಕೋರ್ಟ್ ಹೇಳಿತ್ತು. ಆದರೆ ಇತರ ಸಂಗತಿಗಳ ಜೊತೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂತ ಬಾಗಿಲು ಸ್ವಲ್ಪ ತೆರೆದಿಟ್ಟಿತು. ಲಾಸ್ ಏಂಜಲೀಸ್ ಸುತ್ತ ಜನಾಂಗ, ಭಾಷೆ, ಕೆಲಸ, ನಿಂತ ಜಾಗ ಇಷ್ಟನ್ನೇ ನೋಡಿ ಇಮಿಗ್ರೇಷನ್‌ನವರು ಜನರನ್ನು ನಿಲ್ಲಿಸಬಾರದು ಅಂತ ಕೆಳ ಕೋರ್ಟ್ 2025ರ ಜುಲೈನಲ್ಲಿ ಆದೇಶ ಮಾಡಿತ್ತು. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬಹುಮತದವರು ಕಾರಣವನ್ನೇ ಬರೆಯಲಿಲ್ಲ. ಅವರಲ್ಲಿ ನ್ಯಾಯಮೂರ್ತಿ ಕವನಾ ಒಬ್ಬರೇ ಬೇರೆಯಾಗಿ ಬರೆದರು, ಜನಾಂಗ ಒಂದೇ ಸಾಲದು, ಬೇರೆ ಸಂಗತಿಗಳ ಜೊತೆ ಸೇರಿದರೆ ನೋಡಬಹುದು ಅಂತ. ನ್ಯಾಯಮೂರ್ತಿ ಸೊಟೊಮೇಯರ್ ಕಟುವಾಗಿ ವಿರೋಧಿಸಿದರು. ತಡೆ ಅಂದರೆ ಕೊನೆಯ ತೀರ್ಪಲ್ಲ. ಆದರೆ ಬೀದಿಯಲ್ಲಿ ಕೆಲಸ ಮಾಡುವ ಅಧಿಕಾರಿಗೆ ಅದು ಏನು ಸಂದೇಶ ಕೊಟ್ಟಿತು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ.

ಗಾಂಧಿಬಜಾರ್
ನೀವೆಲ್ಲ ಅಮೆರಿಕದ ಮಾತು ಆಡ್ತಿದ್ದೀರಿ. ನಮ್ಮ ಬೆಂಗಳೂರಲ್ಲಿ? 2022ರ ಡಿಸೆಂಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಹತ್ತಿರ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ಗಂಡ ಹೆಂಡತಿಯನ್ನು ನಿಲ್ಲಿಸಿ, 11 ಗಂಟೆ ಮೇಲೆ ರಸ್ತೆಯಲ್ಲಿ ಓಡಾಡೋ ಹಾಗಿಲ್ಲ ಅಂತ ದುಡ್ಡು ಕಿತ್ತರು. ಪೇಟಿಎಂನಲ್ಲಿ! ಟ್ವೀಟ್ ಆದ ಮೇಲೆ ಇಬ್ಬರು ಪೊಲೀಸರು ಸಸ್ಪೆಂಡ್ ಆದರು. ಅಂಥ ಕಾನೂನೇ ಇಲ್ಲ.

ಸೈಲೆಂಟ್_ರೀಡರ್
ಹೈದರಾಬಾದಿನಲ್ಲಿ 2021ರಲ್ಲಿ ಬೈಕ್ ನಿಲ್ಲಿಸಿ ವಾಟ್ಸಾಪ್ ಒಳಗೆ ಗಾಂಜಾ ಅಂತ ಹುಡುಕಿದ ವಿಡಿಯೋ ಬಂದಿತ್ತು. ಇಲ್ಲಿ ಫೋನ್ ಕೊಡಿ ಅಂದರೆ?

ಮಲೆನಾಡ_ಮಳೆ
ಇಲ್ಲಿ ಅರೆಸ್ಟ್ ಆದವನ ಫೋನ್ ನೋಡಲೂ ವಾರಂಟ್ ಬೇಕು, 2014ರ ರೈಲಿ ಕೇಸು. ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರ್‌ಗೆ ಅದು ಅನ್ವಯಿಸುವುದಿಲ್ಲ, ಆ ಭ್ರಮೆ ಬೇಡ.

ಮಾಡರೇಟರ್
ಬೆಂಗಳೂರು, ಹೈದರಾಬಾದ್ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ. ಒಣ ಮೀನಿನ ಬಗ್ಗೆ ಬಂದ ಕಾಮೆಂಟುಗಳನ್ನು ತೆಗೆದಿದ್ದೇನೆ, ಅಲ್ಲಿ ಜಾತಿ ಮಾತು ಶುರುವಾಗಿತ್ತು.

ಬೆಣ್ಣೆದೋಸೆ_ಡಲ್ಲಾಸ್
ಕರಿಕೋಟು ಸರ್, ಕೊನೆಯ ಪ್ರಶ್ನೆ. ದೂರು ಕೊಟ್ಟರೆ ಮಾವನವರ ವೀಸಾಗೆ ತೊಂದರೆ ಆಗುತ್ತಾ? ಹೂವಿನ ವಿಷಯ ತಿರುಗಿ ನಮಗೇ ಬೀಳುತ್ತಾ?

ಕರಿಕೋಟು
ಎರಡನೆಯದು ನ್ಯಾಯವಾದ ಭಯ. ಅದಕ್ಕೇ ದೂರಿಗೆ ಮೊದಲು ಬಾಡಿ ಕ್ಯಾಮೆರಾ ವಿಡಿಯೋ ಕೇಳಿ. ಟೆಕ್ಸಾಸಿನಲ್ಲಿ ಅದಕ್ಕೆ ಲಿಖಿತ ಅರ್ಜಿ ಹಾಕಬೇಕು. ದಿನಾಂಕ, ಹೆಚ್ಚುಕಡಿಮೆ ಸಮಯ, ಜಾಗ, ವಿಡಿಯೋದಲ್ಲಿ ಇರುವ ಒಬ್ಬರ ಹೆಸರು, ಇಷ್ಟೂ ಇರಬೇಕು. 911 ಕರೆಯ ದಾಖಲೆಯನ್ನೂ ಜೊತೆಗೆ ಕೇಳಿ. ಕರೆಯಲ್ಲಿ ಏನು ಹೇಳಿದ್ದರು ಅನ್ನುವುದರ ಮೇಲೇ ಎಲ್ಲ ನಿಂತಿದೆ. ಎರಡನ್ನೂ ನೋಡಿದ ಮೇಲೆ ಅಲ್ಲಿಯ ವಕೀಲರನ್ನು ಕಂಡು, ದೂರು ಕೊಡುವುದಾ ಬಿಡುವುದಾ ತೀರ್ಮಾನ ಮಾಡಿ. ವೀಸಾ ಬಗ್ಗೆಯೂ ಅವರನ್ನೇ ಕೇಳಿ, ಇಲ್ಲಿ ಬರೆದದ್ದನ್ನು ನಂಬಬೇಡಿ, ನಾನು ಬರೆದದ್ದನ್ನೂ ಸೇರಿಸಿ. ತಡ ಮಾಡಬೇಡಿ, ವಿಡಿಯೋಗಳನ್ನು ಎಷ್ಟೋ ಕಡೆ ಕೆಲವು ತಿಂಗಳಲ್ಲಿ ಅಳಿಸಿಬಿಡುತ್ತಾರೆ.

ಹಳೇ_ಹೆಚ್_ಒನ್
ನಾನು ಈಗಲೂ ಬೇಡ ಅಂತಲೇ ಹೇಳುತ್ತೇನೆ. ಆದರೆ ವಿಡಿಯೋ ಕೇಳುವುದರಲ್ಲಿ ನಷ್ಟ ಇಲ್ಲ.

ಬೆಣ್ಣೆದೋಸೆ_ಡಲ್ಲಾಸ್
ಅರ್ಜಿ ಬರೆಯುತ್ತಿದ್ದೇನೆ. ಯಜಮಾನರಿಗೆ ಇನ್ನೂ ಹೇಳಿಲ್ಲ.